ಪಾರಿವಾಳದ ಕಂಪನಿಗೊಂದು ಕಾಗದ

ಚನ್ನವೀರನಿಗೆ ದೇವರ ಮೇಲೆ ನಂಬಿಕೆಯಿತ್ತು, ಆದರೆ ಅದಕ್ಕಿಂತ ಒಂದು ತೂಕ ಹೆಚ್ಚಾಗಿ ಕಾಗದದ ಮೇಲೆ ನಂಬಿಕೆಯಿತ್ತು. ದೇವರಿಗೆ ಹೇಳಿಕೊಂಡರೆ ತಲುಪಿತೋ ಇಲ್ಲವೋ ಗೊತ್ತಾಗುವುದಿಲ್ಲ. ಕಾಗದವಾದರೆ ರಿಜಿಸ್ಟರ್ಡ್ ಮಾಡಬಹುದು. ಲೋಕದ ಯಾವ ತೊಂದರೆಯನ್ನೇ ಆಗಲಿ, ಮೇಲೆ ತಾರೀಖು ಹಾಕಿ, 'ವಿಷಯ' ಎಂದು ಬರೆದು ಅಡಿಗೆರೆ ಎಳೆದು, ಕೆಳಗೆ 'ತಮ್ಮ ವಿಶ್ವಾಸಿ' ಎಂದು ಸಹಿ ಮಾಡಿ ಅಂಚೆಗೆ ಹಾಕಿಬಿಟ್ಟರೆ ಅರ್ಧ ಬಗೆಹರಿದ ಹಾಗೆ ಎಂಬುದು ಅವನ ಸಿದ್ಧಾಂತ.

ಈ ಸಿದ್ಧಾಂತ ಹೊಟ್ಟೆಪಾಡಿನಿಂದ ಬಂದದ್ದು. ಬನ್ನೇರುಘಟ್ಟ ರಸ್ತೆಯ ಒಂದು ಪ್ರೆಷರ್ ಕುಕ್ಕರ್ ಕಂಪನಿಯಲ್ಲಿ ಅವನು ಗ್ರಾಹಕರ ದೂರು ವಿಭಾಗದ ಗುಮಾಸ್ತ. ದಿನಕ್ಕೆ ಅರವತ್ತು ಎಪ್ಪತ್ತು ಕಾಗದ ಬರುತ್ತಿದ್ದವು. ಎಲ್ಲವನ್ನೂ ಪೂರ್ತಿ ಓದುತ್ತ ಕೂತರೆ ಮಧ್ಯಾಹ್ನದ ಊಟ ತಪ್ಪುತ್ತದೆ. ಆದ್ದರಿಂದ ಮೊದಲ ಎರಡು ಮೂರು ಸಾಲು ಓದಿ, ಅಚ್ಚು ಹಾಕಿಸಿಟ್ಟ ಮೂರು ಉತ್ತರಗಳಲ್ಲಿ ಒಂದನ್ನು ಲಕೋಟೆಗೆ ತುರುಕುವುದು ಅಲ್ಲಿನ ಪದ್ಧತಿ. ಒಂದನೆಯ ಉತ್ತರ, ವಾಷರ್ ಬದಲಿಸಿಕೊಳ್ಳಿ. ಎರಡನೆಯದು, ವಿಷಾದಿಸುತ್ತೇವೆ. ಮೂರನೆಯದು, ತಪ್ಪು ನಿಮ್ಮದೇ. ಹಾಸನದ ಅಜ್ಜಿಯೊಬ್ಬರು ಕುಕ್ಕರನ್ನು ಬಾಯ್ತುಂಬ ಹೊಗಳಿ ಆರು ಪುಟ ಬರೆದಾಗ ಅವರಿಗೂ ಮೂರನೆಯ ಉತ್ತರವೇ ಹೋಗಿತ್ತು.

ರೋಣದ ಕಡೆಯವನಾದ ಚನ್ನವೀರನಿಗೆ ಮದುವೆಯಾದದ್ದು ತೊಂಬತ್ತೈದರ ದೀಪಾವಳಿ ಕಳೆದ ಮೇಲೆ. ಹೆಂಡತಿ ಅನ್ನಪೂರ್ಣ ಮದುವೆಯ ಮುಂಚೆಯೇ ಒಂದು ಮಾತು ತೆಗೆದುಕೊಂಡಿದ್ದಳು. ಬಿ.ಎ. ಮುಗಿಸಿ, ಬಿ.ಎಡ್. ಮಾಡಿ, ಒಂದು ಶಾಲೆ ಸೇರುವವರೆಗೆ ಮಗು ಬೇಡ. ಚನ್ನವೀರ ಸಂತೋಷದಿಂದ ಒಪ್ಪಿಕೊಂಡ. ಒಪ್ಪಿಕೊಂಡದ್ದನ್ನು ನಡೆಸುವುದಕ್ಕಾಗಿ ತಿಂಗಳಿಗೊಮ್ಮೆ ಬಿಟಿಎಂ ಲೇಔಟಿನ ಆರು ಮೆಡಿಕಲ್ ಶಾಪುಗಳನ್ನು ದಾಟಿ, ಜಯನಗರ ನಾಲ್ಕನೇ ಬ್ಲಾಕಿನ ಏಳನೆಯದಕ್ಕೆ ಹೋಗಿ, ಮೊದಲು ಒಂದು ಪಟ್ಟಿ ತಲೆನೋವಿನ ಮಾತ್ರೆ ಕೇಳಿ, ಆಮೇಲೆ ಗಂಟಲು ಸರಿಮಾಡಿಕೊಂಡು ಇನ್ನೊಂದನ್ನು ಕೇಳುತ್ತಿದ್ದ. ಹೀಗಾಗಿ ಅವರ ಮನೆಯಲ್ಲಿ ತಲೆನೋವಿನ ಮಾತ್ರೆ ರಾಶಿ ಬಿದ್ದಿತ್ತು. ಆ ಇನ್ನೊಂದರ ಕಂಪನಿಯ ಹೆಸರು ನಮಗೆ ಬೇಡ. ಡಬ್ಬದ ಮೇಲೆ ಎರಡು ಪಾರಿವಾಳಗಳ ಚಿತ್ರವಿತ್ತು, ಆದ್ದರಿಂದ ಪಾರಿವಾಳದ ಕಂಪನಿ ಎನ್ನೋಣ. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ 'ಸರಿಯಾಗಿ ಬಳಸಿದಲ್ಲಿ ನೂರಕ್ಕೆ ತೊಂಬತ್ತೆಂಟು ಪರಿಣಾಮಕಾರಿ' ಎಂದಿತ್ತು. ಚನ್ನವೀರ ಸೂಚನೆಗಳನ್ನು ಓದಿ ಸರಿಯಾಗಿಯೇ ಬಳಸಿದ. ಪಾರಿವಾಳವೂ ಮಾತು ಉಳಿಸಿಕೊಂಡಿತು.

ತೊಂಬತ್ತೆಂಟರ ಯುಗಾದಿಗೆ ಅನ್ನಪೂರ್ಣಳಿಗೆ ಸಾರಕ್ಕಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಂದೇ ಪಾರಿವಾಳಕ್ಕೆ ವಿದಾಯ ಹೇಳಿ, ಇನ್ನೇನು ಮಗು ಬಂತು ಎಂದು ಗಂಡಹೆಂಡಿರು ಕಾದರು. ಗೌರಿ ಬಂದಳು, ಗಣೇಶ ಬಂದ, ದಸರಾ ಬಂತು, ದೀಪಾವಳಿಯೂ ಬಂದು ಹೋಯಿತು. ಬರಬೇಕಾದದ್ದು ಮಾತ್ರ ಬರಲಿಲ್ಲ.

ಅನ್ನಪೂರ್ಣ ಅಳುವವಳಲ್ಲ. ತಿಂಗಳು ತಿಂಗಳು ಆ ದಿನ ಬಂದಾಗ ಅವಳು ಮಾತಿಲ್ಲದೆ ಜೋಳದ ಹಿಟ್ಟಿನ ಡಬ್ಬ ಇಳಿಸಿ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಮೊದಲ ತಿಂಗಳು ಎಂಟು ರೊಟ್ಟಿ, ನಾಲ್ಕನೆಯ ತಿಂಗಳು ಹದಿನಾಲ್ಕು, ಎಂಟನೆಯ ತಿಂಗಳಿಗೆ ಇಪ್ಪತ್ತು. ಕೆಳಗಿನ ಮನೆಯ ಓನರು ಗೋಡೆಯ ಗಡಿಯಾರ ಅಲುಗಾಡುತ್ತದೆ ಎಂದು ಮೇಲೆ ನೋಡುತ್ತಿದ್ದರು. ಚನ್ನವೀರ ಎದುರಿಗೆ ಕೂತು, ಹೊಟ್ಟೆ ಬಿರಿಯುವವರೆಗೆ ರೊಟ್ಟಿ ತಿನ್ನುತ್ತಿದ್ದ. ಸಮಾಧಾನ ಹೇಳಲು ಅವನಿಗೆ ಗೊತ್ತಿದ್ದ ದಾರಿ ಅದೊಂದೇ.

ಎಂಟನೆಯ ಸಲ ಅವಳೇ ಬಾಯಿ ಬಿಟ್ಟಳು.

"ಬರೋ ಹೊತ್ತಿನಾಗ ಬ್ಯಾಡಂದೆವಿ. ಈಗ ಕರದ್ರ ಹೆಂಗ ಬರತೈತ್ರಿ? ನಾನ ಅಲ್ಲೇನು ಬ್ಯಾಡಂದಾಕಿ? ನನ್ನ ಓದು ನಮ್ಮ ಕೂಸಿಗೆ ಅಡ್ಡ ಬಂತು."

"ಹಂಗೇನಿಲ್ಲ, ಅನ್ನಪೂರ್ಣಾ."

"ಹಂಗಿಲ್ಲಂತ ನಿಮಗೇನ ಗೊತ್ತು? ನೀವೇನು ಡಾಕ್ಟ್ರೇನು?"

ಡಾಕ್ಟರ ಹತ್ತಿರ ಹೋಗಬಹುದಿತ್ತು. ಆದರೆ ಚನ್ನವೀರನ ಕಡೆಯ ಊರುಗಳಲ್ಲಿ ಡಾಕ್ಟರ ಹತ್ತಿರ ಹೋಗುವುದೆಂದರೆ ಹೆಂಗಸನ್ನು ಮುಂದೆ ನೂಕಿ ಗಂಡಸು ಹೊರಗೆ ಬೀಡಿ ಸೇದುತ್ತ ನಿಲ್ಲುವುದು ಎಂದರ್ಥ. ಈಗಾಗಲೇ ತಪ್ಪು ತನ್ನದೆಂದು ಕೂತವಳನ್ನು ಹಾಗೆ ಮುಂದೆ ನೂಕಲು ಅವನಿಗೆ ಮನಸ್ಸಾಗಲಿಲ್ಲ. ಮರುದಿನ ಆಫೀಸಿನಲ್ಲಿ ಪಕ್ಕದ ಮೇಜಿನ ಕಿಟ್ಟಿಯನ್ನು, ಯಾರೋ ದೂರದ ಸಂಬಂಧಿಕರ ವಿಷಯ ಎಂಬಂತೆ ಕೇಳಿದ.

"ಮಗಾ, ಅದು ರಬ್ಬರ್ ಕಣೋ" ಎಂದ ಕಿಟ್ಟಿ. "ರಬ್ಬರ್ ಅಂದ್ರೆ ಹೀಟು. ಎರಡೂವರೆ ವರ್ಷ ಹೀಟು ಬಾಡೀಲಿ ಸೇರ್ಕೊಂಡಿದೆ, ಇಳಿಯೋಕೆ ಟೈಮ್ ಬೇಡ್ವಾ? ನಮ್ಮ ಕುಕ್ಕರೇ ಆಫ್ ಮಾಡಿದ್ಮೇಲೆ ಹತ್ತು ನಿಮಿಷ ಮುಚ್ಚಳ ತೆಗೀಬೇಡಿ ಅಂತೀವಿ."

ಕಿಟ್ಟಿಗೆ ಮದುವೆಯಾಗಿರಲಿಲ್ಲ. ಆದ್ದರಿಂದ ಈ ವಿಷಯದಲ್ಲಿ ಅವನಿಗೆ ಯಾವ ಅನುಮಾನವೂ ಇರಲಿಲ್ಲ.

ಚನ್ನವೀರನಿಗೆ ಮಾತ್ರ ಅನುಮಾನಗಳು ಹುಟ್ಟಿದವು. ಒಂದು, ಪಾರಿವಾಳದ ಪ್ರಭಾವ ಬಳಸುವುದು ನಿಲ್ಲಿಸಿದ ಮೇಲೂ ಉಳಿದಿದೆಯೇ? ಎರಡನೆಯದು ಇನ್ನೂ ಕೆಟ್ಟದ್ದು. ನೂರಕ್ಕೆ ಎರಡು ಸಲವಾದರೂ ಕೈಕೊಡಬೇಕಾದ ವಸ್ತು ಎರಡೂವರೆ ವರ್ಷದಲ್ಲಿ ಒಮ್ಮೆಯೂ ಕೈಕೊಡಲಿಲ್ಲವೆಂದರೆ, ಕೆಲಸ ಮಾಡಿದ್ದು ಪಾರಿವಾಳವೋ, ಅಥವಾ ಪಾರಿವಾಳಕ್ಕೆ ಮಾಡಲು ಕೆಲಸವೇ ಇರಲಿಲ್ಲವೋ? ಎರಡೂವರೆ ವರ್ಷ ತನ್ನ ಕೊರತೆಗೆ ಸಲ್ಲಬೇಕಾದ ಶ್ರೇಯಸ್ಸನ್ನು ಪಾರಿವಾಳಕ್ಕೆ ಕೊಡುತ್ತ ಬಂದನೇ? ಯೋಚಿಸಿ ಯೋಚಿಸಿ ಅವನು ಒಂದು ಹಾಳೆ ತೆಗೆದ, ಅಡಿಗೆ ಕಾರ್ಬನ್ ಇಟ್ಟ, 'ವಿಷಯ' ಎಂದು ಬರೆದು ಗೆರೆ ಎಳೆದ. ತಪ್ಪು ಯಾರದೆಂದು ಪಾರಿವಾಳದ ಕಂಪನಿಯೇ ಬರೆದುಕೊಡಲಿ. ಅಚ್ಚಾದ ಲೆಟರ್‌ಹೆಡ್ ಕಂಡರೆ ಅನ್ನಪೂರ್ಣ ನಂಬುತ್ತಾಳೆ.

ಬರೆಯುವುದು ಸಭ್ಯವಾಗಿರಬೇಕಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಬರೆದ ಆ ಕಾಗದದ ಆರಂಭ ಹೀಗಿತ್ತು: "ನಾನು ಎರಡೂವರೆ ವರ್ಷ ತಮ್ಮ ಗ್ರಾಹಕನಾಗಿದ್ದೆ. ತಮ್ಮ ಉತ್ಪನ್ನವನ್ನು ಸೂಚನೆಗಳಂತೆಯೇ ಬಳಸಿದ್ದೇನೆ. ಆದಾಗ್ಯೂ ಮಗುವಿನ ವಿಷಯದಲ್ಲಿ ನಾನೂ ನನ್ನ ಪತ್ನಿಯೂ ನಿರೀಕ್ಷಿಸದಿದ್ದ ಪರಿಸ್ಥಿತಿಯಲ್ಲಿ ಸಿಲುಕಿದ್ದೇವೆ." ಅಸಲು ಸಂಗತಿ ನಾಲ್ಕನೆಯ ವಾಕ್ಯದಿಂದ ಶುರುವಾಗುತ್ತಿತ್ತು. ಹತ್ತು ವರ್ಷ ದೂರು ವಿಭಾಗದಲ್ಲಿ ಕೂತವನು ಅಸಲು ಸಂಗತಿಯನ್ನು ನಾಲ್ಕನೆಯ ವಾಕ್ಯದಲ್ಲಿಟ್ಟ ಎಂದರೆ ಅದಕ್ಕೆ ಏನು ಹೇಳುವುದು? ಪಾರಿವಾಳದ ಕಂಪನಿಯಲ್ಲೂ ಒಬ್ಬ ಗುಮಾಸ್ತನಿದ್ದ, ಅವನಿಗೂ ಊಟದ ಹೊತ್ತಾಗಿತ್ತು.

ಡಿಸೆಂಬರಿನ ಒಂದು ಬೆಳಗ್ಗೆ, ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗಿದ್ದಾಗ, ಒಂದು ರಿಜಿಸ್ಟರ್ಡ್ ಪತ್ರವೂ ಒಂದು ರಟ್ಟಿನ ಪೆಟ್ಟಿಗೆಯೂ ಬಂದವು. ಸಹಿ ಹಾಕಿ ತೆಗೆದುಕೊಂಡವರು ಮನೆಯ ಓನರ್ ಸಂಜೀವಯ್ಯನವರು. ಅವರು ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಮೂವತ್ತಮೂರು ವರ್ಷ ಇದ್ದು ರಿಟೈರಾದವರು. ಮೂವತ್ತಮೂರು ವರ್ಷ ಬೇರೆಯವರ ಹೆಸರಿನ ಲಕೋಟೆ ಒಡೆದು, ಠಸ್ಸೆ ಹೊಡೆದು, ನಂಬರು ಹಾಕಿದ ಕೈ ಅದು. ರಿಟೈರಾಗಿದ್ದರು ಸಂಜೀವಯ್ಯ, ಕೈ ಆಗಿರಲಿಲ್ಲ. ಒಡೆದು ಓದಿದ ಮೇಲೆಯೇ ಅವರಿಗೆ ಇದು ಸ್ವಂತ ಕಾಗದವಲ್ಲ ಎಂಬುದು ನೆನಪಾದದ್ದು.

"ಮೀನಾಕ್ಷೀ, ಒಲೆ ಆರಿಸಿ ಬಾ ಇಲ್ಲಿ" ಎಂದರು ಕೂಗದೆ ಕೂಗಿ.

ಹೆಂಡತಿ ಮೀನಾಕ್ಷಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. ಸಂಜೀವಯ್ಯ ಓದಿದರು. ತಮ್ಮ ಕುಟುಂಬಕ್ಕೆ ಅನಿರೀಕ್ಷಿತ ಸದಸ್ಯರೊಬ್ಬರು ಸೇರಲಿರುವ ವಿಷಯ ತಮ್ಮ ದೂರಿನಿಂದ ತಿಳಿಯಿತು. ವಿಷಾದಿಸುತ್ತೇವೆ. ನಮ್ಮ ಉತ್ಪನ್ನ ನೂರಕ್ಕೆ ತೊಂಬತ್ತೆಂಟು ಪರಿಣಾಮಕಾರಿಯೆಂದು ಡಬ್ಬದ ಮೇಲೆಯೇ ಸೂಚಿಸಲಾಗಿದ್ದು, ತಾವು ಉಳಿದ ಎರಡರಲ್ಲಿ ಸೇರಿರುತ್ತೀರಿ. ಸೌಹಾರ್ದದ ಕುರುಹಾಗಿ ಒಂದು ವರ್ಷಕ್ಕಾಗುವಷ್ಟು ಉತ್ಪನ್ನವನ್ನು ಉಚಿತವಾಗಿ ಕಳಿಸಿದ್ದೇವೆ.

ಮೀನಾಕ್ಷಮ್ಮ ಪೆಟ್ಟಿಗೆಯೊಳಗೆ ಒಮ್ಮೆ ಇಣುಕಿ, ತಟ್ಟನೆ ಮುಚ್ಚಿ, ಅದರ ಮೇಲೆಯೇ ಕೂತುಬಿಟ್ಟರು.

"ಅಯ್ಯೋ, ಅನ್ನಪೂರ್ಣ ಬಸುರೀನಾ! ನೋಡಿ, ಒಂದ್ಮಾತು ಹೇಳಿಲ್ಲ ಹುಡುಗಿ!" ಅವರ ಕಣ್ಣು ತುಂಬಿತು. ಮರುಗಳಿಗೆ ಅವೇ ಕಣ್ಣು ಕೆಂಪಾದವು. "ಅಲ್ಲಾರೀ, ಮಗು ಆಯ್ತು ಅಂತ ಕಂಪನಿಗೆ ಕಂಪ್ಲೇಂಟ್ ಬರ್ದಿದಾನಲ್ಲಾ! ಮಗು ಅಂದ್ರೆ ಏನು, ಕೆಟ್ಟೋಗಿರೋ ಕುಕ್ಕರಾ?"

"ಮೆತ್ತಗೆ. ನೋಡೋಕೆ ಎಷ್ಟು ಸಾಧು ಕಾಣ್ತಾನೆ."

"ಈ ಕಾಗದ ಅವನ ಕೈಗೆ ಕೊಡ್ಬೇಡಿ. ಕಂಪನಿ ತಪ್ಪು ಒಪ್ಕೊಂಡಿದೆ ಅಂತ ಇನ್ನೇನು ಕೇಸು ಹಾಕ್ತಾನೋ. ಅವಳಿಗೂ ಹೇಳ್ಬೇಡಿ, ಮನಸ್ಸಿಗೆ ಹಚ್ಕೋತಾಳೆ. ಹೇಗೂ ಮೂರು ತಿಂಗಳು ತುಂಬೋವರ್ಗೂ ಬಾಯ್ಬಿಟ್ಟು ಅನ್ಬಾರ್ದು."

ಸಂಜೀವಯ್ಯ ಪತ್ರಕ್ಕೆ ತಾರೀಖು ಹಾಕಿ ಒಂದು ಫೈಲಿಗೆ ಸೇರಿಸಿದರು. ಪೆಟ್ಟಿಗೆ ಅಟ್ಟದ ಮೇಲೆ ದಸರಾ ಬೊಂಬೆಗಳ ಹಿಂದೆ ಹೋಯಿತು. ಯಾರಿಗೂ ಹೇಳಬಾರದು ಎಂದು ಮೀನಾಕ್ಷಮ್ಮ ಎದುರು ಮನೆಯ ಅಕ್ಕಯಮ್ಮನಿಗೆ ಮಾತ್ರ ಹೇಳಿದರು. ಅಕ್ಕಯಮ್ಮನ ವಿಷಯ ಬಲ್ಲವರಿಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ.

ಅಂದಿನಿಂದ ಅನ್ನಪೂರ್ಣಳ ಸುತ್ತ ಬಿಟಿಎಂ ಲೇಔಟ್ ಬದಲಾಯಿತು. ಬೆಳಗ್ಗೆ ಮೆಟ್ಟಿಲ ಮೇಲೆ ನುಚ್ಚಿನುಂಡೆ, ಸಂಜೆ ದಾಳಿಂಬೆ ಉದುರಿಸಿದ ಮೊಸರನ್ನ. ಕೊಡಪಾನಕ್ಕೆ ಕೈ ಹಾಕಿದರೆ ಮೀನಾಕ್ಷಮ್ಮ ಓಡಿ ಬಂದು ಕಸಿದುಕೊಳ್ಳುತ್ತಿದ್ದರು. ಸಾರಕ್ಕಿ ಮಾರ್ಕೆಟ್ಟಿನಿಂದ ಬರುವಾಗ ಎದುರಾದ ಅಕ್ಕಯಮ್ಮ, ಅವಳ ಚೀಲದೊಳಗೆ ಕೈ ಹಾಕಿ ಪರಂಗಿಹಣ್ಣನ್ನು ಹೊರಗೆ ತೆಗೆದು, ಏನೂ ಹೇಳದೆ ತಮ್ಮ ಮನೆಗೆ ತೆಗೆದುಕೊಂಡು ಹೋದರು.

"ಬೆಂಗಳೂರು ಮಂದಿ ಬಾಳ ಛಲೋ ಅದಾರ್ರಿ" ಎಂದಳು ಅನ್ನಪೂರ್ಣ ಗಂಡನಿಗೆ. "ಆದ್ರ ನಮ್ಮ ಪರಂಗಿಹಣ್ಣು ಯಾಕ ಒಯ್ದರೋ ತಿಳೀಲಿಲ್ಲ."

ಚನ್ನವೀರನ ಪಾಲಿಗೆ ಬಂದದ್ದು ಬೇರೆ. ಹಾಲಿನ ಬೂತಿನಲ್ಲಿ ಹೆಂಗಸರು ಅವನನ್ನು ಕಂಡು ಸೆರಗು ಸರಿಮಾಡಿಕೊಂಡು ಮುಖ ತಿರುಗಿಸಿದರು. ಒಂದು ಸಂಜೆ ಸಂಜೀವಯ್ಯ ಗೇಟಿನಲ್ಲೇ ಅಡ್ಡ ನಿಂತರು. ಇಡೀ ದಿನ ವಾಪಸ್ ಬಂದ ಕುಕ್ಕರುಗಳ ನಡುವೆ ಕೂತು ತಲೆ ಕೆಟ್ಟುಹೋಗಿದ್ದ ಚನ್ನವೀರ ಸ್ಕೂಟರ್ ಇಳಿದ.

"ಚನ್ನವೀರ, ಒಂದ್ಮಾತು. ಬೇಡ ಅಂದ್ಕೊಂಡಿದ್ದು ಮನೆಗೆ ಬಂತು ಅಂತಿಟ್ಕೋ. ಏನ್ಮಾಡ್ಬೇಕು?"

"ವಾಪಸ್ ಕಳಸ್ಬೇಕ್ರಿ ಸಾರ್" ಎಂದ ಚನ್ನವೀರ. "ಹದಿನೈದು ದಿನದೊಳಗಾದ್ರ ಮರುಮಾತಿಲ್ಲದ ತಗೋತೀವಿ."

ಸಂಜೀವಯ್ಯ ಗೇಟು ಹಿಡಿದುಕೊಂಡರು. "ಹದಿನೈದು ದಿನ ದಾಟಿದ್ರೆ?"

"ದಾಟಿದ್ರ ಬಿಚ್ಚಿ ನೋಡ್ತೀವ್ರಿ. ದೋಷ ಸಣ್ಣದಿದ್ರ ಅಲ್ಲೇ ಬಡದು ಸರಿಮಾಡ್ತೀವಿ."

"ಸ್ವಲ್ಪಾನೂ ಕರುಣೆ ಬೇಡ್ವೇನಪ್ಪಾ?"

"ಕರುಣೆ ತೋರಿಸಿದ್ರ ಕಂಪನಿ ನಡಿಯೂದಿಲ್ರಿ ಸಾರ್" ಎಂದು ಚನ್ನವೀರ ದಣಿದ ನಗೆ ನಕ್ಕು ಮೆಟ್ಟಿಲು ಹತ್ತಿದ. ಸಂಜೀವಯ್ಯ ಆ ಸಂಜೆ ಕಾಫಿ ಕುಡಿಯಲಿಲ್ಲ. ಮೂವತ್ತಮೂರು ವರ್ಷ ಸರ್ಕಾರದ ಸೇವೆಯಲ್ಲೂ ಇಂಥ ಕಲ್ಲೆದೆಯನ್ನು ಕಂಡಿರಲಿಲ್ಲ ಎಂದು ಹೆಂಡತಿಯ ಮುಂದೆ ಹೇಳಿಕೊಂಡರು.

ಮೀನಾಕ್ಷಮ್ಮ ಬಾಡಿಗೆ ಕರಾರುಪತ್ರ ತೆಗೆದು, 'ತುರ್ತು ಸಂದರ್ಭಕ್ಕೆ' ಎಂದು ಬರೆದಿದ್ದ ನಂಬರಿಗೆ ಎಸ್‌ಟಿಡಿ ಮಾಡಿದರು. ಅದು ರೋಣದ ಹತ್ತಿರದ ಹಳ್ಳಿಯ ಕಿರಾಣಿ ಅಂಗಡಿಯ ಫೋನು. ಅಂಗಡಿಯವರು ಚನ್ನವೀರನ ತಾಯಿ ದುಂಡವ್ವನನ್ನು ಕರೆತಂದರು. ದುಂಡವ್ವ ಪ್ರತಿ ಅಮಾವಾಸ್ಯೆಗೂ ಅದೇ ಫೋನಿನಿಂದ ಮಗನಿಗೆ 'ಏನರ ವಿಶೇಷ?' ಎಂದು ಕೇಳುತ್ತಿದ್ದವಳು, ಮಗ 'ಏನಿಲ್ಲವ್ವ, ಮಳಿ' ಎನ್ನುತ್ತಿದ್ದ.

"ಅಮ್ಮಾ, ಗಾಬರಿ ಆಗ್ಬೇಡಿ, ನಿಮ್ಮ ಸೊಸೆಗೆ ಈಗ ಮೂರನೇ ತಿಂಗಳಿರ್ಬೇಕು!" ಎಂದು ಮೀನಾಕ್ಷಮ್ಮ ರೋಣಕ್ಕೆ ಫೋನಿಲ್ಲದೆಯೂ ಕೇಳಿಸುವ ಹಾಗೆ ಕೂಗಿದರು. "ಆದ್ರೆ ನಿಮ್ಮ ಮಗಂಗೆ ಇಷ್ಟ ಇದ್ದಂಗಿಲ್ಲ!"

"ಅವಗ ಇಷ್ಟ ಇದ್ರೇನು ಬಿಟ್ರೇನು, ಅವನೇನು ಹಡಿಯಾಂವ?" ಎಂದಳು ದುಂಡವ್ವ. "ನೀವು ಯಾರಿಗೂ ಹೇಳಬ್ಯಾಡ್ರಿ. ನಾ ಬರ್ತೇನಿ."

ಎಮ್ಮೆ ನೋಡಿಕೊಳ್ಳಲು ಗಂಡನನ್ನು ಊರಲ್ಲಿ ಬಿಟ್ಟು, ಭಾನುವಾರ ಬೆಳಗ್ಗೆ ದುಂಡವ್ವ ಎರಡು ಗಂಟುಗಳೊಡನೆ ಆಟೋದಿಂದ ಇಳಿದಳು. ಗಂಟಿನಲ್ಲಿ ಹಸಿರು ಇಳಕಲ್ ಸೀರೆ, ರವಿಕೆಗೆ ಹಸಿರು ಖಣ, ಎರಡು ಡಜನ್ ಹಸಿರು ಬಳೆ, ಕೊಬ್ಬರಿ, ಉತ್ತತ್ತಿ, ಬೆಲ್ಲ ಇದ್ದವು. ಅವರ ಕಡೆ ಬಸುರಿಗೆ ದೊಡ್ಡ ಕುಬಸ, ಅಂದರೆ ಸೀಮಂತ, ಮಾಡುವ ಮುಂಚೆ, ಮೂರನೆಯ ತಿಂಗಳಲ್ಲಿ, ಊರಿಗೆ ತಿಳಿಯದ ಹಾಗೆ ಮನೆಯ ಹೆಂಗಸರಷ್ಟೇ ಸೇರಿ ಖಣ ಕೊಟ್ಟು ಉಡಿ ತುಂಬುತ್ತಾರೆ. ಕದ್ದು ಮಾಡುವುದರಿಂದ ಅದಕ್ಕೆ ಕಳ್ಳಕುಬಸ ಎಂದೇ ಹೆಸರು. ಯಾಕೆಂದು ಯಾರೂ ಬಾಯಿ ಬಿಡುವಂತಿಲ್ಲ. ದುಂಡವ್ವ ಮಗನನ್ನು ಬಾಳೆಹಣ್ಣು ತರಲು ಅಟ್ಟಿದಳು, ಮೀನಾಕ್ಷಮ್ಮನನ್ನೂ ಅಕ್ಕಯಮ್ಮನನ್ನೂ ಸನ್ನೆಯಲ್ಲೇ ಮೇಲೆ ಕರೆದಳು, ಸೊಸೆಯನ್ನು ಮಣೆಯ ಮೇಲೆ ಕೂರಿಸಿದಳು.

ಅನ್ನಪೂರ್ಣ ಅತ್ತೆ ಬಂದ ಸಂಭ್ರಮದಲ್ಲಿ ನಗುತ್ತಲೇ ಕೂತಳು. ಹಸಿರು ಖಣ ಕಂಡಾಗ ಅವಳ ನಗು ನಿಂತಿತು. ಅವಳೂ ಆ ಕಡೆಯವಳೇ. ಹಸಿರು ಖಣ ಯಾವಾಗ ಬರುತ್ತದೆಂದು ಅವಳಿಗೆ ಗೊತ್ತು. ಆರು ದಿನದ ಹಿಂದಷ್ಟೇ ಅವಳು ಒಂಬತ್ತನೆಯ ಸಲ ರೊಟ್ಟಿ ಬಡಿದಿದ್ದಳು.

"ಅತ್ತೀ, ಇದ್ಯಾಕ್ರಿ?"

"ಸುಮ್ಕುಂದ್ರು. ಕೇಳಬಾರದು ಇದನ್ನ."

"ಅತ್ತೀ, ನಾ ಬಸರಿಲ್ರಿ."

ದುಂಡವ್ವನ ಕೈ ನಿಂತಿತು. ಮೀನಾಕ್ಷಮ್ಮ ಮುಂದೆ ಬಂದು ಅನ್ನಪೂರ್ಣಳ ಗಲ್ಲ ಹಿಡಿದರು. "ಹಾಗನ್ಬಾರ್ದಮ್ಮಾ. ಗಂಡನಿಗೆ ಹೆದರ್ಕೊಂಡು ಮುಚ್ಚಿಡ್ಬೇಡ. ನಮ್ಗೆಲ್ಲಾ ಗೊತ್ತು. ಕಂಪನಿಯೋರೇ ಒಪ್ಕೊಂಡಿದಾರೆ."

"ಯಾವ ಕಂಪನಿಯವ್ರು?"

ಬಾಳೆಹಣ್ಣಿನ ಚಿಪ್ಪು ಹಿಡಿದು ಬಾಗಿಲಿಗೆ ಬಂದ ಚನ್ನವೀರ ಈ ಪ್ರಶ್ನೆ ಕೇಳಿ ಅಲ್ಲೇ ಕಂಬವಾದ. ಅವನ ಹಿಂದೆಯೇ ಸಂಜೀವಯ್ಯ ಫೈಲು ಮತ್ತು ರಟ್ಟಿನ ಪೆಟ್ಟಿಗೆಯೊಡನೆ ಮೆಟ್ಟಿಲು ಹತ್ತಿ ಬಂದರು. ದಾಖಲೆಯಿಲ್ಲದೆ ಅವರು ಯಾವ ಸಭೆಗೂ ಹೋದವರಲ್ಲ. ನಿಂತಲ್ಲೇ ನಿಂತು ಕಂಪನಿಯ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. 'ಉಳಿದ ಎರಡರಲ್ಲಿ ಸೇರಿರುತ್ತೀರಿ' ಎಂಬಲ್ಲಿ ಚನ್ನವೀರನನ್ನು ಕನ್ನಡಕದ ಮೇಲಿಂದ ನೋಡಿದರು.

"ನೀವು ಕಾಗದ ಬರ್ದಿದ್ರ್ಯಾ?" ಎಂದಳು ಅನ್ನಪೂರ್ಣ.

"ಹೂಂ."

"ಮಗು ಆಗೇತಂತ?"

"ಇಲ್ಲ. ಆಗವಲ್ದಂತ."

"ಸುಳ್ಳು ಹೇಳ್ಬೇಡಪ್ಪಾ!" ಎಂದರು ಸಂಜೀವಯ್ಯ. "ರೆಫರೆನ್ಸ್ ನಂಬರಿದೆ ಇದ್ರಲ್ಲಿ!"

ಈ ನಡುವೆ ದುಂಡವ್ವ ಪೆಟ್ಟಿಗೆಯೊಳಗಿಂದ ಒಂದು ಡಬ್ಬ ತೆಗೆದು ಪಾರಿವಾಳಗಳನ್ನು ನೋಡುತ್ತಿದ್ದಳು. ಇದೇನೆಂದು ಅಕ್ಕಯಮ್ಮನನ್ನು ಕೇಳಿದಳು. ಅಕ್ಕಯಮ್ಮ ಕಿವಿಯಲ್ಲಿ ಹೇಳಿದರು. ದುಂಡವ್ವ ಬೆರಳು ಮಡಚಿ ಲೆಕ್ಕ ಹಾಕಿದಳು.

"ಎರಡೂವರಿ ವರ್ಷ ನಾ ಅಮಾಸಿಗೊಮ್ಮಿ ಫೋನಿಗೆ ನಿಂತು ವಿಶೇಷ ಏನಂತ ಕೇಳಿದೆ. ಇದಾ ಏನಲೇ ನಿನ್ನ ಮಳಿ?"

ತೊಂದರೆ ಬಂದಾಗ ಯಾವಾಗಲೂ ಚನ್ನವೀರ ಮಾಡುವುದನ್ನೇ ಮಾಡಿದ. ಟ್ರಂಕು ತೆರೆದು, ತನ್ನ ಕಾಗದದ ಕಾರ್ಬನ್ ಪ್ರತಿಯನ್ನು ತೆಗೆದು ಹೆಂಡತಿಯ ಕೈಗಿತ್ತ.

ಅನ್ನಪೂರ್ಣ ಮಣೆಯ ಮೇಲೆ ಕೂತಲ್ಲಿಂದಲೇ, ಶಾಲೆಯಲ್ಲಿ ಪಾಠ ಓದುವ ದನಿಯಲ್ಲಿ ಓದತೊಡಗಿದಳು. ಇಂಗ್ಲಿಷಿನಲ್ಲಿದ್ದದ್ದನ್ನು ಅತ್ತೆಗೆ ತಿಳಿಯಲೆಂದು ಕನ್ನಡದಲ್ಲಿ ಹೇಳುತ್ತ ಹೋದಳು. ಮೂರು ವಾಕ್ಯ ಮುಗಿದಾಗ ಸಂಜೀವಯ್ಯ "ನಾ ಹೇಳ್ಲಿಲ್ವಾ" ಎಂದರು. ನಾಲ್ಕನೆಯದಕ್ಕೆ ಅವರ ಬಾಯಿ ಮುಚ್ಚಿತು. ಬಳಸುವುದನ್ನು ನಿಲ್ಲಿಸಿ ಎಂಟು ತಿಂಗಳಾದರೂ ಮಗುವಾಗಿಲ್ಲ ಎಂದಿತ್ತು ಅದು. ಕೊನೆಯ ಪ್ಯಾರಾಕ್ಕೆ ಬಂದಾಗ ಅನ್ನಪೂರ್ಣ ಓದುವುದನ್ನು ನಿಲ್ಲಿಸಿದಳು. ಅವಳು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡಳು. ಅರ್ಧಕ್ಕೆ ನಿಂತ ಟಪಾಲನ್ನು ಸಹಿಸದ ಸಂಜೀವಯ್ಯ ಅದನ್ನು ಎತ್ತಿಕೊಂಡು, ಸರ್ಕಾರಿ ಸುತ್ತೋಲೆ ಓದುವ ಗತ್ತಿನಲ್ಲಿ ತಾವೂ ಕನ್ನಡ ಮಾಡುತ್ತ ಮುಂದುವರಿಸಿದರು.

"ಆದಕಾರಣ, ಈ ವಿಳಂಬವು ತಮ್ಮ ಉತ್ಪನ್ನದ ಉಳಿಕೆ ಪ್ರಭಾವದಿಂದಲೋ ಅಥವಾ ಕೆಳಗೆ ಸಹಿ ಮಾಡಿರುವ ನನ್ನ ಕೊರತೆಯಿಂದಲೋ ಆಗಿರುವುದೇ ಹೊರತು, ನನ್ನ ಪತ್ನಿಯ ಓದಿನಿಂದಾಗಲೀ ಆಕೆಯ ಬೇರಾವ ತಪ್ಪಿನಿಂದಾಗಲೀ ಅಲ್ಲವೆಂದು ತಮ್ಮ ಲೆಟರ್‌ಹೆಡ್ಡಿನಲ್ಲಿ ದೃಢೀಕರಿಸಿ ಕೊಡಬೇಕಾಗಿ ವಿನಂತಿ. ನಾನು ಬಾಯಿಮಾತಿನಲ್ಲಿ ಹೇಳಿದರೆ ಆಕೆ ನಂಬುತ್ತಿಲ್ಲ. ತಿಂಗಳಿಗೊಮ್ಮೆ ಆಕೆ ಒಂದು ಮಾತೂ ಆಡದೆ ಇಪ್ಪತ್ತು ರೊಟ್ಟಿ ಬಡಿಯುತ್ತಾಳೆ. ಮನೆಯಲ್ಲಿರುವವರು ನಾವು..." ಇಲ್ಲಿ ಸಂಜೀವಯ್ಯನವರ ಗತ್ತು ಎಲ್ಲೋ ಜಾರಿತು. "...ನಾವು ಇಬ್ಬರೇ."

ದುಂಡವ್ವ ಕೈಯಲ್ಲಿದ್ದ ಡಬ್ಬವನ್ನು ಪೆಟ್ಟಿಗೆಯೊಳಗೆ ವಾಪಸ್ ಇಟ್ಟಳು.

ಸಂಜೀವಯ್ಯ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ನಾನು ಕಾಗದ ಒಡೀಬಾರ್ದಿತ್ತಪ್ಪಾ. ನಿನ್ನ ಬಗ್ಗೆ ಏನೇನೋ ಅಂದ್ಕೊಂಡ್ಬಿಟ್ಟೆ."

"ಇರ್ಲಿ ಬಿಡ್ರಿ ಸಾರ್. ತಪ್ಪು ನಂದೂ ಅದ. ಮುಖ್ಯ ವಿಷಯ ಮೊದಲನೇ ಸಾಲಿನಾಗ ಬರಿಬೇಕಿತ್ತು."

ಅನ್ನಪೂರ್ಣ ಮೂರು ವರ್ಷದಲ್ಲಿ ಮೊದಲ ಸಲ ಅತ್ತಳು, ಅದೂ ಓನರ್ ಮುಂದೆ, ಎದುರು ಮನೆಯವರ ಮುಂದೆ. ಅಳುತ್ತಲೇ ಗಂಡನನ್ನು ಬೈದಳು. "ಊರ ಮಂದಿ ಕಂಪನಿಗೆ ಬರಿಯೂ ಬದಲು ನನ್ನ ಮುಂದ ಹೇಳಬಾರದಿತ್ತೇನ್ರಿ? ನಿಮ್ಮ ಮನಸ್ಸಿನಾಗೂ ಅಂಜಿಕಿ ಐತಂತ ನನಗೇನ ಗೊತ್ತು? ರೊಟ್ಟಿ ಅಷ್ಟೂ ತಿಂದು ಕೈ ತೊಳ್ಕೊಂಡು ಹೋಗಿಬಿಡ್ತಿದ್ರಿ. ಇನ್ನ ಮ್ಯಾಲೆ ಯಾರಿಗೂ ಕಾಗದ ಬರಿಬ್ಯಾಡ್ರಿ. ನನಗ ಹೇಳ್ರಿ."

ಮಣೆಯಿಂದ ಏಳಲು ಹೋದ ಸೊಸೆಯನ್ನು ದುಂಡವ್ವ ಭುಜ ಹಿಡಿದು ಕೂರಿಸಿದಳು. ಬಳೆಗಳ ಕಟ್ಟು ಬಿಚ್ಚಿದಳು. "ಕೈ ಕೊಡು."

"ಯಾಕ್ರಿ ಅತ್ತಿ? ಕೂಸಿಲ್ಲಲ್ರಿ."

"ಖಣ ನಿನಗ ತಂದದ್ದು, ಕೂಸಿಗಲ್ಲ. ಓದಿ ಮಾಸ್ತರಿಣಿ ಆಗೀ, ನಮ್ಮ ಮನಿತನದಾಗ ಯಾರ ಆಗಿದ್ರು? ಅದಕ್ಕರ ಉಡಿ ತುಂಬಬಾರದೇನು? ಕೈ ಕೊಡಂದೆ."

ಹೀಗೆ ಬಿಟಿಎಂ ಎರಡನೇ ಹಂತದಲ್ಲಿ ಬಸುರಿಲ್ಲದ ಹೆಣ್ಣಿಗೆ ಒಂದು ಕಳ್ಳಕುಬಸ ನಡೆಯಿತು. ಮೀನಾಕ್ಷಮ್ಮ ಮೂಗೊರೆಸಿಕೊಳ್ಳುತ್ತ ಆರತಿ ಎತ್ತಿದರು. ಅಕ್ಕಯಮ್ಮ ಒಂದು ಪರಂಗಿಹಣ್ಣನ್ನು ವಾಪಸ್ ತಂದುಕೊಟ್ಟರು.

ಸೋಮವಾರ ಶಾಲೆಗೂ ಆಫೀಸಿಗೂ ರಜೆ ಹಾಕಿ ಗಂಡಹೆಂಡಿರು ಜಯನಗರದ ಡಾಕ್ಟರಮ್ಮ ಒಬ್ಬರ ಕ್ಲಿನಿಕ್ಕಿಗೆ ಹೋದರು. ದುಂಡವ್ವ ತಾನೂ ಬರುತ್ತೇನೆಂದು ಹೊರಟಳು. ಡಾಕ್ಟರಮ್ಮ ಏನು ಹೇಳಿದರೆಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಕಥೆ ಮುಗಿಯುವುದು ಅವರ ಕೋಣೆಯೊಳಗಲ್ಲ. ರಬ್ಬರಿನ ಕೆಲಸ ಆ ಹೊತ್ತಿಗೆ ಆರಂಭ, ಆ ಹೊತ್ತಿಗೇ ಮುಕ್ತಾಯ, ಅದರಿಂದ ಮೈಯಲ್ಲಿ ಏನೂ ಉಳಿಯುವುದಿಲ್ಲ ಎಂದರು. ಎರಡೂವರೆ ವರ್ಷ ಒಮ್ಮೆಯೂ ಕೈಕೊಡದಿದ್ದರೆ ಸರಿಯಾಗಿ ಬಳಸಿದ್ದೀರಿ ಎಂದಷ್ಟೇ ಅರ್ಥ, ಓದಲೆಂದು ಮುಂದೂಡಿದ್ದಕ್ಕೆ ಯಾವ ದೋಷವೂ ಇಲ್ಲ ಎಂದರು. ಎಂಟೊಂಬತ್ತು ತಿಂಗಳು ದೊಡ್ಡ ವಿಳಂಬವಲ್ಲ, ವರ್ಷ ತುಂಬಲಿ, ಆಮೇಲೂ ಆಗದಿದ್ದರೆ ಇಬ್ಬರಿಗೂ ಪರೀಕ್ಷೆ, ಮೊದಲು ಗಂಡನಿಗೆ, ಯಾಕೆಂದರೆ ಅದು ಸುಲಭ ಎಂದರು. ಇದನ್ನು ಲೆಟರ್‌ಹೆಡ್ಡಿನಲ್ಲಿ ಬರೆದುಕೊಡುತ್ತೀರಾ ಎಂದು ಕೇಳಲು ಚನ್ನವೀರ ಬಾಯಿ ತೆರೆದಾಗ ಅನ್ನಪೂರ್ಣ ಅವನ ಕಾಲು ತುಳಿದಳು.

ಇದೆಲ್ಲ ಒಳಗೆ ಹೋದ ಮೇಲಿನ ಮಾತು. ಅದಕ್ಕೆ ಮುಂಚೆ ಹೊರಗಿನ ಕೌಂಟರಿನಲ್ಲಿ ಹೆಸರು ಬರೆಸಬೇಕಿತ್ತು. ಬೆಂಚುಗಳ ತುಂಬ ಹೆಂಗಸರು ಕೂತಿದ್ದರು, ಅವರವರ ಗಂಡಂದಿರು ಬಾಗಿಲ ಹೊರಗೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಕೌಂಟರಿನ ಹುಡುಗಿ ತಲೆ ಎತ್ತದೆ ರಿಜಿಸ್ಟರ್ ತೆರೆದು ಕೇಳಿದಳು.

"ಪೇಷೆಂಟ್ ಯಾರು?"

"ನಾನು" ಎಂದ ಚನ್ನವೀರ.

"ನಾನು" ಎಂದಳು ಅನ್ನಪೂರ್ಣ, ಅದೇ ಹೊತ್ತಿಗೆ.

ಹುಡುಗಿ ಈಗ ತಲೆ ಎತ್ತಿದಳು. ಒಬ್ಬರ ಮುಖ ಒಬ್ಬರು ನೋಡುತ್ತ ನಿಂತ ಇಬ್ಬರನ್ನೂ ನೋಡಿದಳು. "ಯಾರಾದ್ರೂ ಒಬ್ರ ಹೆಸರು ಹೇಳಿ ಸಾರ್. ಕಾಲಂ ಒಂದೇ ಇರೋದು."

"ಇಬ್ಬರದೂ ಬರಿಯವ್ವಾ" ಎಂದಳು ದುಂಡವ್ವ ಬೆಂಚಿನಿಂದ. "ಕೂಡೇ ಬಂದಾರ."

ಹುಡುಗಿ ಸ್ವಲ್ಪ ಯೋಚಿಸಿ, ಅಕ್ಷರ ಸಣ್ಣದು ಮಾಡಿ, ಆ ಒಂದೇ ಗೆರೆಯ ಮೇಲೆ ಎರಡು ಹೆಸರನ್ನೂ ಬರೆದಳು.